ಎಡಗೈಯಲ್ಲಿ ಕೊಟ್ಟ ಕಹ್ವಾ

ಎಂಟು ಪುಟದ ತುಂಬ ಎಡಗೈಯಲ್ಲೇ ತಿನ್ನುವವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಎಡಗೈಯಲ್ಲಿ ಖರ್ಜೂರ ಎತ್ತುತ್ತಾರೆ. ಎಡಗೈಯಲ್ಲೇ ಬಾಯಿಗೆ ಹಾಕುತ್ತಾರೆ. ಎಡಗೈಯಲ್ಲೇ ಅತಿಥಿಗೆ ಕಹ್ವಾ ಕೊಡುತ್ತಾರೆ. ಅತಿಥಿಯೂ ಕಡಿಮೆಯವನಲ್ಲ, ಎಡಗೈ ಚಾಚಿಯೇ ತೆಗೆದುಕೊಳ್ಳುತ್ತಾನೆ.

ಎಲ್ಲ ಕಾಗದದ ಮೇಲೆ. ಮೆಷಿನ್ನಿಂದ ಆಗಷ್ಟೇ ಇಳಿದು ನನ್ನ ಮೇಜಿಗೆ ಬಂದ ಹಾಳೆಗಳು, ಶಾಯಿ ಸರಿಯಾಗಿ ಒಣಗಿರಲಿಲ್ಲ.

ನಮ್ಮೂರಲ್ಲಿ ಎಡಗೈಯಲ್ಲಿ ಎಲೆ ಅಡಿಕೆ ಕೊಟ್ಟರೆ ಹಿರಿಯರು ಮುಖ ತಿರುಗಿಸುತ್ತಾರೆ. ಈ ಒಮಾನಿನಲ್ಲಿ ಕಹ್ವಾ ಎಂಬ ಇಲ್ಲಿನ ಕಾಫಿಯನ್ನು ಎಡಗೈಯಲ್ಲಿ ಕೊಡುವುದೆಂದರೆ, ಮನೆಗೆ ಬಂದವನಿಗೆ ಎದ್ದು ನಡಿ ಎಂದ ಹಾಗೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಏನು ಮಾಡಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಬೇರೆಯವರ ತಪ್ಪು ಹೇಳುವುದು ಲೋಕದ ವಾಡಿಕೆ. ನಾನೂ ಹಾಗೇ ಮಾಡುತ್ತೇನೆ.

ಮೂರು ವರ್ಷ ಹಳೆಯ ವಿಷಯ. ಮರೆತುಬಿಡೋಣ ಎಂದಿದ್ದೆ. ಹೋದ ಶುಕ್ರವಾರ ನಡೆದದ್ದನ್ನು ನೋಡಿದ ಮೇಲೆ ಮರೆಯುವುದು ಪಾಪ ಎನ್ನಿಸಿತು.

ನಾನು ಬೈಂಡರ್. ಈ ಅಂಕಣ ಮೊದಲಿನಿಂದ ಓದುವವರಿಗೆ ಗೊತ್ತು, ಹೊಸಬರಿಗಾಗಿ ಹೇಳುತ್ತಿದ್ದೇನೆ. ಮಸ್ಕತ್ತಿನ ರೂವಿಯಲ್ಲಿ ಒಂದು ಪ್ರೆಸ್. ಹತ್ತು ವರ್ಷದಿಂದ ಅಲ್ಲಿ ಹಾಳೆ ಮಡಚುತ್ತೇನೆ, ಹೊಲಿಯುತ್ತೇನೆ, ಅಂಚು ಕತ್ತರಿಸುತ್ತೇನೆ. ಬೆಳಿಗ್ಗೆ ಅರಬಿ ಪುಸ್ತಕ, ಮಧ್ಯಾಹ್ನ ಇಂಗ್ಲಿಷ್ ಪುಸ್ತಕ. ಅರಬಿಯದ್ದು ಬಲಗಡೆಯಿಂದ ತೆರೆಯುತ್ತದೆ, ಇಂಗ್ಲಿಷಿನದ್ದು ಎಡಗಡೆಯಿಂದ. ನನಗೆ ಎರಡೂ ಒಂದೇ. ಇಷ್ಟು ವರ್ಷದಲ್ಲಿ ಒಂದು ಪುಸ್ತಕವೂ ಉಲ್ಟಾ ಹೊಲಿದು ಹೊರಗೆ ಹೋಗಿಲ್ಲ. (ಜಂಬ ಅಲ್ಲ. ಜಂಬ ಅಂದುಕೊಂಡರೂ ಬೇಸರವಿಲ್ಲ.)

ಇನ್ನು ವಿಕ್ಟರ್. ಕಿನ್ನಿಗೋಳಿ ಕಡೆಯ ಕೊಂಕಣಿ ಹುಡುಗ, ಆಗ ಇಪ್ಪತ್ತಾರು ವಯಸ್ಸು. ಬರ್ಕಾದ ಆಚೆ ಸಮುದ್ರದ ನೀರನ್ನು ಸಿಹಿ ಮಾಡುವ ಪ್ಲಾಂಟ್ ಕಟ್ಟುತ್ತಿದ್ದ ಜಪಾನಿ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಪೈಪು ಎಲ್ಲಿ ಬಾಗಬೇಕು, ಗೋಡೆ ಎಲ್ಲಿ ನಿಲ್ಲಬೇಕು ಎಂದು ಟ್ರೇಸಿಂಗ್ ಪೇಪರಿನ ಮೇಲೆ ಗೆರೆ ಎಳೆಯುವ ಕೆಲಸ. ಶುಕ್ರವಾರ ಚರ್ಚ್ ಮುಗಿಸಿ ನನ್ನ ರೂಮಿಗೆ ಬರುತ್ತಿದ್ದ. ನಾನು ಮಾಡುವ ಬಂಗುಡೆ ಸಾರಿಗೆ ಬರುತ್ತಿದ್ದನೋ ನನಗಾಗಿ ಬರುತ್ತಿದ್ದನೋ, ಕೇಳಿಲ್ಲ.

ಅವನ ಸೈಟ್ ಆಫೀಸಿನ ಜಪಾನಿ ಇಂಜಿನಿಯರುಗಳಿಗೆ ಊರಿನಿಂದ ಚಿತ್ರಕಥೆಯ ಪುಸ್ತಕ ಬರುತ್ತಿತ್ತು. ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪ, ಕಾಗದ ಮಾತ್ರ ಕಳಪೆ. ಓದುತ್ತಿದ್ದರು, ಕಸದ ಬುಟ್ಟಿಗೆ ಎಸೆಯುತ್ತಿದ್ದರು. ವಿಕ್ಟರ್ ಹೆಕ್ಕುತ್ತಿದ್ದ. ಒಂದಕ್ಷರ ಜಪಾನಿ ಬಾರದ ಈ ಹುಡುಗ ಎರಡು ವರ್ಷ ಅವನ್ನೇ ನೋಡಿ ನೋಡಿ ಕೈ ತಿದ್ದಿಕೊಂಡ.

"ಇದಕ್ಕೆ ಮಾಂಗಾ ಅಂತ ಹೆಸರು ಶೀನಣ್ಣ" ಎಂದು ಒಂದು ದಿನ ತನ್ನ ಎಂಟು ಹಾಳೆ ತಂದು ನನ್ನ ಮಂಚದ ಮೇಲೆ ಹರಡಿದ.

ನೋಡಿದೆ. ಏನೆಂದು ಹೇಳಲಿ? ಮಾತೇ ಇಲ್ಲದ ಕಡೆ ಮಾತು ಕೇಳುತ್ತದೆ. ಹಣೆಯಿಂದ ಒಂದು ಬೆವರ ಹನಿ ಬೀಳುವುದಕ್ಕೆ ಅರ್ಧ ಪುಟ ಕೊಟ್ಟಿದ್ದಾನೆ, ಬೇಜಾರಾಗುವುದಿಲ್ಲ.

"ಶುರು ಬಲದಿಂದ ಯಾಕೆ?" ಎಂದೆ.

"ಅವರದ್ದು ಹಾಗೇ ಅಲ್ಲವಾ. ನಾನು ಕಲಿತದ್ದೂ ಹಾಗೇ. ಎಡದಿಂದ ಬರೆದು ನೋಡಿದೆ, ಚಿತ್ರ ಓಡುದೇ ಇಲ್ಲ. ನಿಂತುಬಿಡ್ತದೆ."

ಕಥೆ ಇಷ್ಟೇ. ಒಬ್ಬ ಡ್ರಾಫ್ಟ್ಸ್‌ಮನ್ ಹುಡುಗ ದಾರಿ ತಪ್ಪಿ ಬಾತಿನಾ ಕರಾವಳಿಯಲ್ಲಿ ಸಿಕ್ಕಿಬೀಳುತ್ತಾನೆ. ಕೈಯಲ್ಲಿ ನಾಲ್ಕು ನಕ್ಷೆ, ಪಿಕಪ್ ಗಾಡಿ ಮರಳಿನಲ್ಲಿ. ಅಕ್ಷರ ಬಾರದ ಒಬ್ಬ ಮುದುಕ ಬೆಸ್ತ ಬಂದು ದಾರಿಯನ್ನು ಕೋಲಿನಿಂದ ಮರಳಿನ ಮೇಲೆ ಗೀಚಿ ತೋರಿಸುತ್ತಾನೆ. ಆಮೇಲೆ ಕೂರಿಸಿ ಖರ್ಜೂರ ಕೊಡುತ್ತಾನೆ, ಕಹ್ವಾ ಕೊಡುತ್ತಾನೆ. ಇಲ್ಲಿ ಒಂದು ಪದ್ಧತಿ ಇದೆ: ಸಾಕು ಎನ್ನಲು ಖಾಲಿ ಕಪ್ಪನ್ನು ಮೆಲ್ಲಗೆ ಅಲ್ಲಾಡಿಸಬೇಕು. ಅಲ್ಲಾಡಿಸದಿದ್ದರೆ ಹೊಯ್ಯುತ್ತಲೇ ಇರುತ್ತಾರೆ. ಹುಡುಗನಿಗೆ ಅದು ಗೊತ್ತಿಲ್ಲ. ಬೇಡ ಎನ್ನಲು ನಾಚಿಕೆ. ಹನ್ನೊಂದು ಕಪ್ ಕುಡಿಯುತ್ತಾನೆ. ಒಂದೊಂದು ಕಪ್ಪಿಗೂ ಕಣ್ಣು ದೊಡ್ಡದಾಗುತ್ತ ಹೋಗುತ್ತದೆ. ಇತ್ತ ಮುದುಕನಿಗೆ ಗಾಬರಿ, ಹೂಜಿ ಖಾಲಿಯಾಗುತ್ತಿದೆ, ಈ ಮನುಷ್ಯ ನಿಲ್ಲಿಸುತ್ತಿಲ್ಲ. ಇಬ್ಬರೂ ಮರ್ಯಾದೆಗೆ ಅಂಜಿ ಸಾಯುತ್ತಿದ್ದಾರೆ.

ನಾನು ನಕ್ಕು ನಕ್ಕು ಸಾರು ಹೊತ್ತಿಸಿದೆ.

ಆ ವರ್ಷ ನಮ್ಮ ಒಂದು ಸಂಘದವರು ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ತರುವವರಿದ್ದರು. ಸದಸ್ಯರ ಪ್ರತಿಭೆಗೆ ಅವಕಾಶ ಎಂದು ನೋಟೀಸು ಹಚ್ಚಿದ್ದರು. ಅಚ್ಚಾಗುವುದು ನಮ್ಮ ಪ್ರೆಸ್ಸಿನಲ್ಲೇ. ಕೊಡು ಮಾರಾಯ ಎಂದು ವಿಕ್ಟರನನ್ನು ದೂಡಿದವನು ನಾನೇ. ಮಾತುಗಳನ್ನು ಕನ್ನಡದಲ್ಲಿ ಬರೆದು, ಪ್ರತ್ಯೇಕ ಟ್ರೇಸಿಂಗ್ ಹಾಳೆಯಲ್ಲಿ ಚಿತ್ರದ ಮೇಲೆ ಕೂರುವ ಹಾಗೆ ಚೆಂದ ಮಾಡಿ ಕೊಟ್ಟ.

ಸಂಚಿಕೆಯ ಸಂಪಾದಕರು ಮೂರ್ತಿ ಸಾಹೇಬರು (ಹೆಸರು ಬದಲಿಸಿದ್ದೇನೆ, ಮನುಷ್ಯನನ್ನು ಬದಲಿಸಲು ನನ್ನಿಂದಾಗದು). ಮೈಸೂರು ಕಡೆಯವರು, ಎರಡು ಡಿಗ್ರಿ, ದೊಡ್ಡ ಆಫೀಸಿನಲ್ಲಿ ಮ್ಯಾನೇಜರ್. ಪ್ರೆಸ್ಸಿಗೆ ಬಂದು ನನ್ನ ಮೇಜಿನ ಎದುರೇ ಹಾಳೆ ತಿರುವಿದರು. ವಿಕ್ಟರ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

"ಏನ್ರೀ ಇದು?"

"ಮಾಂಗಾ ಸರ್. ಜಪಾನಿ ಶೈಲಿ."

"ಮಂಗಾನಾ? ಹೆಸರು ಸರಿಯಾಗಿದೆ ಬಿಡಿ." ತಾವೇ ನಕ್ಕರು. "ಅಲ್ಲಾ ಕಣ್ರೀ, ಮೊದಲು ಕಾಫಿ ಕುಡಿದು ಹೊಟ್ಟೆ ಹಿಡ್ಕೊಂಡಿದಾನೆ, ಆಮೇಲೆ ಗಾಡಿ ಹೂತುಹೋಗುತ್ತೆ. ತಲೆಬುಡ ಇಲ್ಲ."

"ಬಲದಿಂದ ನೋಡಬೇಕು ಸರ್."

"ಯಾಕ್ರೀ? ಕನ್ನಡ ಸಂಚಿಕೇನಾ ಉರ್ದು ಪೇಪರ್ರಾ ಇದು?"

ನನಗೆ ಸುಮ್ಮನಿರಲಾಗಲಿಲ್ಲ. "ಸರ್, ಒಂದು ದಾರಿ ಉಂಟು. ಇದನ್ನು ಸಂಚಿಕೆಯ ಹಿಂದುಗಡೆಯಿಂದ ಶುರು ಮಾಡುವ. ಹಿಂದಿನ ರಟ್ಟೇ ಇದರ ಮುಖಪುಟ. ಈ ಕಡೆಯಿಂದ ತೆರೆದರೆ ನಿಮ್ಮ ಸಂಚಿಕೆ, ಆ ಕಡೆಯಿಂದ ತೆರೆದರೆ ಇವನ ಕಥೆ. ಮಡಚುವುದು ನನ್ನ ಜವಾಬ್ದಾರಿ."

ಮೂರ್ತಿ ಸಾಹೇಬರು ನನ್ನನ್ನು ಆಗಷ್ಟೇ ನೋಡಿದವರಂತೆ ನೋಡಿದರು.

"ಹಿಂದಿನ ರಟ್ಟು ಜಾಹೀರಾತಿಗೆ ಹೋಗಿದೆ. ನೀವು ಬೈಂಡಿಂಗ್ ನೋಡ್ಕೊಳ್ಳಿ. ಸಂಪಾದನೆ ಓದಿದೋರು ನೋಡ್ಕೋತಾರೆ."

ಓದಿದವರು. ಆ ಮಾತು ಎಲ್ಲಿ ಹೋಗಿ ಕೂತಿತು ಅಂತ ನನಗೆ ಮಾತ್ರ ಗೊತ್ತು.

ಒಂದು ತಿಂಗಳು ಕೊಟ್ಟರೆ ಎಡದಿಂದ ಮತ್ತೆ ಬರೆದುಕೊಡುತ್ತೇನೆ ಎಂದ ವಿಕ್ಟರ್. ತಿಂಗಳು ಎಲ್ಲಿಂದ ತರುವುದು? ಬಿಡುಗಡೆ ಎರಡು ವಾರಕ್ಕೆ. "ನೋಡೋಣ" ಎಂದರು ಸಾಹೇಬರು. ಆ ವಾರವೇ ಕಂಪನಿ ವಿಕ್ಟರನನ್ನು ದೂರದ ಸಲಾಲಾಕ್ಕೆ ಕಳಿಸಿತು. ಅಲ್ಲಿ ಯಾವುದೋ ಅಳತೆಯ ಕೆಲಸ, ಹದಿನೈದು ದಿನ.

ಇಲ್ಲಿ ಏನಾಯಿತು? ಮೂರ್ತಿ ಸಾಹೇಬರು ನಮ್ಮ ಕ್ಯಾಮೆರಾ ಸೆಕ್ಷನ್ನಿಗೆ ಹೋಗಿ ಒಂದು ಬುದ್ಧಿವಂತಿಕೆ ಮಾಡಿದರು. ಪುಟಕ್ಕೆ ಪುಟವನ್ನೇ ಫಿಲ್ಮಿನಲ್ಲಿ ಮಗುಚಿ ಹಾಕಿಸಿದರು. ಕನ್ನಡಿಯಲ್ಲಿ ಕಂಡ ಹಾಗೆ. ಬಲದಲ್ಲಿದ್ದದ್ದು ಎಡಕ್ಕೆ ಬಂತು, ಕಥೆ ಎಡದಿಂದ ಶುರುವಾಯಿತು. ಮಾತುಗಳು ಬೇರೆ ಹಾಳೆಯಲ್ಲಿದ್ದವಲ್ಲ, ಅವನ್ನು ನೆಟ್ಟಗೆ ಕೂರಿಸಿದರು. ಐದು ನಿಮಿಷದ ಕೆಲಸ. ಎಲ್ಲ ಸರಿಹೋಯಿತು ಎಂದು ಕೈ ಒರೆಸಿಕೊಂಡು ಹೋದರು.

ಕನ್ನಡಿಯಲ್ಲಿ ನಿಮ್ಮ ಬಲಗೈ ಯಾವ ಕೈಯಾಗುತ್ತದೆ? ಇದಕ್ಕೆ ಎಷ್ಟು ಡಿಗ್ರಿ ಬೇಕು?

ಒಮಾನಿಗಳು ಕಹ್ವಾದ ಹೂಜಿಯನ್ನು ಎಡಗೈಯಲ್ಲಿ ಹಿಡಿದು, ಕಪ್ಪನ್ನು ಬಲಗೈಯಲ್ಲಿ ಕೊಡುತ್ತಾರೆ. ವಿಕ್ಟರ್ ಅದನ್ನು ಗಮನಿಸಿ, ಬೆರಳು ಬೆರಳು ಲೆಕ್ಕ ಹಾಕಿ ಬರೆದಿದ್ದ. ಮಗುಚಿದ ಮೇಲೆ ಆ ಮುದುಕ ಹನ್ನೊಂದು ಸಲ ಎಡಗೈಯಲ್ಲಿ ಕಪ್ ಕೊಟ್ಟ.

ಆ ಹಾಳೆಗಳೇ ಅಂದು ಬೆಳಿಗ್ಗೆ ನನ್ನ ಮೇಜಿಗೆ ಬಂದದ್ದು.

ಈಗ ನನ್ನ ಸರದಿ. ನಾನು ನೋಡಿದೆ. ಮೊದಲನೇ ಹಾಳೆಯಲ್ಲೇ ನೋಡಿದೆ. ಹಾಳೆ ಮಡಚುವ ಮೂಳೆಯ ಪಟ್ಟಿ ಕೈಯಲ್ಲೇ ಇತ್ತು. ಮೇಲೆ ಹೋಗಿ ಮ್ಯಾನೇಜರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಎಂಟು ಪುಟ ಮತ್ತೆ ಅಚ್ಚಾಗುತ್ತಿತ್ತು, ಇಲ್ಲವೇ ಕಿತ್ತು ಹಾಕುತ್ತಿದ್ದರು. ನಾನು ಹೇಳಲಿಲ್ಲ. ಓದಿದವರು ನೋಡಿಕೊಳ್ಳುತ್ತಾರಲ್ಲ, ನೋಡಿಕೊಳ್ಳಲಿ. ಬೈಂಡರ್ ಬೈಂಡಿಂಗ್ ನೋಡುತ್ತಾನೆ. ಹಾಗೆಂದು ಹಲ್ಲು ಕಚ್ಚಿ ಮಡಚಿದೆ, ಹೊಲಿದೆ, ಕತ್ತರಿಸಿದೆ. ಅಂಚು ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಾಗದ ಹಾಗೆ. ಅಷ್ಟು ಚೊಕ್ಕದ ಬೈಂಡಿಂಗ್ ನಾನು ಬೇರೆ ಯಾವ ಸಂಚಿಕೆಗೂ ಮಾಡಿಲ್ಲ.

ಆ ಸಿಟ್ಟು ಮೂರ್ತಿ ಸಾಹೇಬರ ಮೇಲೆ. ಪೆಟ್ಟು ಬಿದ್ದದ್ದು ಯಾರಿಗೆ?

ಸಂಚಿಕೆಗೆ ವಿಕ್ಟರನ ಕಂಪನಿಯೂ ಜಾಹೀರಾತು ಕೊಟ್ಟಿತ್ತು. ಹಾಗಾಗಿ ಒಂದು ಪ್ರತಿ ಅವರ ಆಫೀಸಿನ ಟೀಪಾಯಿಯ ಮೇಲೆ ಬಿತ್ತು. ಕನ್ನಡ ಓದಲು ಬಾರದವರು ಏನು ನೋಡುತ್ತಾರೆ? ಚಿತ್ರ ನೋಡುತ್ತಾರೆ. ಆ ಪುಟ ತೆರೆದು ಕಂಪನಿಯ ಪಿಆರ್‌ಒ ಹಮೂದ್ ಅವರ ಮುಂದೆ ಇಟ್ಟವನು ಒಮಾನಿಯಲ್ಲ, ಜಪಾನಿಯಲ್ಲ. ನಮ್ಮವನೇ, ಅದೇ ಆಫೀಸಿನ ಒಬ್ಬ ಕ್ಲಾರ್ಕ್. "ನೋಡಿ ಸಾಬ್, ನಿಮ್ಮ ಜನರನ್ನು ಹೇಗೆ ಬರೆದಿದ್ದಾನೆ."

ಪಿಆರ್‌ಒ ಎಂದರೆ ಗೊತ್ತಲ್ಲ? ವೀಸಾ, ಲೇಬರ್ ಕಾರ್ಡು, ಎಲ್ಲ ಕಾಗದ ಅವರ ಕೈಯಲ್ಲಿ. ವಿಕ್ಟರನ ವೀಸಾ ಮುಗಿಯಲು ಒಂದು ತಿಂಗಳಿತ್ತು. ನವೀಕರಣದ ಕಾಗದ ಹಮೂದರ ಮೇಜಿನ ಮೇಲಿತ್ತು. ಅದು ಅಲ್ಲೇ ಉಳಿಯಿತು.

ಸಲಾಲಾದಿಂದ ಬಂದ ವಿಕ್ಟರ್ ಸಂಚಿಕೆ ತೆರೆದು ನೋಡಿದ್ದು ಹಮೂದರ ಎದುರಿಗೆ ನಿಂತು. ಅಲ್ಲಿಯವರೆಗೆ ಅವನಿಗೆ ಏನೂ ಗೊತ್ತಿಲ್ಲ.

"ನನ್ನ ಅಜ್ಜ ಬೆಸ್ತ" ಎಂದರಂತೆ ಹಮೂದ್. ಇಷ್ಟೇ. ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು ಎಂದು ವಿಕ್ಟರ್ ಹೇಳಿದ. ಇದು ತಾನು ಬರೆದದ್ದಲ್ಲ, ಮಗುಚಿದ್ದಾರೆ ಎಂದು ಇವನು ಹೇಳಿದಾಗ, "ಹಾಗಾದರೆ ಮಗುಚಿದವರು ಬರೆದು ಕೊಡಲಿ" ಎಂದರು. ನ್ಯಾಯವೇ ತಾನೆ?

ರಾತ್ರಿ ಹಗಲು ಎನ್ನದೆ ಟೇಬಲ್ಲಿನ ಮೇಲೆ ಬಾಗಿ ದುಡಿಯುವ ಹುಡುಗ. ಮನೆಯಲ್ಲಿ ಇವನೊಬ್ಬನದೇ ದುಡಿಮೆ, ತಂಗಿಯ ನರ್ಸಿಂಗ್ ಅರ್ಧಕ್ಕೆ ನಿಂತಿದೆ. ವೀಸಾ ಹೋದರೆ ಎಲ್ಲ ಹೋಯಿತು. ಬೇಕಾದದ್ದು ಏನು? ಎರಡು ಸಾಲು. "ಚಿತ್ರಗಳನ್ನು ಅಚ್ಚಿನ ಸಮಯದಲ್ಲಿ ನಾವು ಮಗುಚಿದ್ದೇವೆ, ಚಿತ್ರಕಾರನ ತಪ್ಪಿಲ್ಲ." ಕೆಳಗೆ ಒಂದು ಸಹಿ.

ನಾವಿಬ್ಬರೂ ಮೂರ್ತಿ ಸಾಹೇಬರ ಮನೆಗೆ ಹೋದೆವು. ಸೋಫಾ ತೋರಿಸಿದರು, ಟೀ ಕೊಟ್ಟರು. (ಬಲಗೈಯಲ್ಲೇ.)

"ಅಲ್ಲಾ ವಿಕ್ಟರ್, ಇದನ್ನ ಇಷ್ಟು ದೊಡ್ಡದು ಮಾಡಬಾರದು. ಚಿತ್ರದಲ್ಲಿ ಯಾವ ಕೈ ಆದರೇನು?"

"ನನಗೆ ಏನೂ ಇಲ್ಲ ಸರ್. ಅವರಿಗೆ ಉಂಟು. ವೀಸಾ ನಿಂತಿದೆ."

"ಬರೆದು ಕೊಟ್ಟರೆ ಸಂಘದ ಹೆಸರು ಫೈಲಿಗೆ ಹೋಗುತ್ತೆ. ನಾಳೆ ನಮಗೆ ಹಾಲ್ ಸಿಗೋಲ್ಲ, ಪರ್ಮಿಷನ್ ಸಿಗೋಲ್ಲ. ಒಬ್ಬನಿಗೋಸ್ಕರ ಇಡೀ ಸಮಾಜಕ್ಕೆ ತೊಂದರೆ ಆಗಬಾರದು ನೋಡಿ."

"ಸರ್, ಮಗುಚಿಸಿದ್ದು ನೀವು" ಎಂದೆ ನಾನು.

"ಶೀನಣ್ಣ, ನೀವು ಈ ವಿಷಯದಲ್ಲಿ ಬರಬೇಡಿ. ಪ್ರೆಸ್ ಮಾಡಿದ್ದು ಪ್ರೆಸ್ಸಿನೋರ ತಪ್ಪು. ಪ್ರೂಫ್‌ನಲ್ಲಿ ನನಗೆ ಹಾಗೆ ಕಾಣಲಿಲ್ಲ. ಕೊನೇಲಿ ಪುಸ್ತಕ ಕೈಯಲ್ಲಿ ಹಿಡಿದೋರು ನೀವೇ ಅಲ್ವಾ? ನಿಮಗೆ ಕಾಣಿಸಲಿಲ್ವಾ?"

ನಾನು ಟೀ ಕಪ್ಪು ಕೆಳಗಿಟ್ಟು ಎದ್ದೆ. ಯಾಕೆಂದರೆ ಕಾಣಿಸಿತ್ತು.

ಸಮಾಜ ಸಮಾಜ ಎನ್ನುತ್ತಾರೆ. ವಿಕ್ಟರ್ ಆ ಸಮಾಜದಲ್ಲಿ ಇರಲಿಲ್ಲವೇ? ಸಂಕ್ರಾಂತಿಗೆ ಎಳ್ಳು ಬೆಲ್ಲ ಹಂಚಲು ಬೇಕು, ನಾಟಕದ ಪರದೆ ಬರೆಯಲು ಬೇಕು, ಕುರ್ಚಿ ಹೊರಲು ಬೇಕು. ಎರಡು ಸಾಲು ಬರೆಯಬೇಕಾದಾಗ ಅವನು ಒಬ್ಬ, ಉಳಿದವರೆಲ್ಲ ಸಮಾಜ. ಆ ಸಂಚಿಕೆಯನ್ನು ನೂರಾರು ಮನೆಯವರು ಓದಿದರು. ಎಡಗೈಯನ್ನು ನೋಡಿದವರೆಲ್ಲ ಪಿಸುಪಿಸು ಆಡಿಕೊಂಡರು. ವಿಕ್ಟರನಿಗೆ ಬುದ್ಧಿ ಇಲ್ಲ ಎಂದರು. ಸಂಪಾದಕರಿಗೆ ಕಣ್ಣಿಲ್ಲವೇ ಎಂದು ಒಬ್ಬರೂ ಕೇಳಲಿಲ್ಲ.

ಮರುದಿನ ರಜೆ ಹಾಕಿದೆ. ಪ್ರೆಸ್ಸಿಗೆ ಸೇರಿದ ಮೇಲೆ ನಾನಾಗಿ ಹಾಕಿದ ಎರಡನೇ ರಜೆ. ವಿಕ್ಟರನ ಮೂಲ ಹಾಳೆಗಳು ಪ್ರೆಸ್ಸಿನ ಕಪಾಟಿನಲ್ಲಿದ್ದವು. ಕೇಳದೆ ತೆಗೆದುಕೊಂಡೆ. ಸಂಚಿಕೆಯ ಒಂದು ಪ್ರತಿಯನ್ನೂ ತೆಗೆದುಕೊಂಡೆ. ಶೇರ್ ಟ್ಯಾಕ್ಸಿ ಹಿಡಿದು ಬರ್ಕಾಗೆ ಹೋದೆ. ವಿಕ್ಟರನಿಗೆ ಹೇಳಲಿಲ್ಲ, ಹೇಳಿದ್ದರೆ ಬೇಡ ಎನ್ನುತ್ತಿದ್ದ.

ಹಮೂದ್ ನಲವತ್ತರ ಗೃಹಸ್ಥ. ಬಿಳಿ ನಿಲುವಂಗಿ ದಿಶ್‌ದಾಶಾ, ಕಸೂತಿಯ ಟೊಪ್ಪಿ. ಅವರ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು. ನಾನು ಆ ಪ್ರೆಸ್ಸಿನ ಬೈಂಡರ್ ಎಂದು ಹೇಳಿ ಮೂಲ ಹಾಳೆಗಳ ಕಟ್ಟು ಅವರ ಮುಂದಿಟ್ಟೆ.

ಅವರು ಏನು ಮಾಡಿದರು ಗೊತ್ತೇ? ಕಟ್ಟನ್ನು ಹತ್ತಿರ ಎಳೆದುಕೊಂಡು ಬಲಗಡೆಯಿಂದ ನೋಡಲು ಶುರು ಮಾಡಿದರು. ಬಾಣದ ಗುರುತು ಬೇಕಾಗಲಿಲ್ಲ, ಹೀಗೆ ನೋಡಿ ಎಂದು ನಾನು ಹೇಳಬೇಕಾಗಲಿಲ್ಲ. ಬಲದಿಂದ ಓದುವ ದೇಶದಲ್ಲಿ ಬಲದಿಂದ ಬರೆದ ಕಥೆ. ಎಂಟೂ ಹಾಳೆಯಲ್ಲಿ ಕಣ್ಣು ಒಂದು ಕಡೆಯೂ ಎಡವಲಿಲ್ಲ. ನಮ್ಮ ಓದಿದವರಿಗೆ ತಲೆಬುಡ ಸಿಗದ ಕಥೆ ಇದೇ.

ನಾಲ್ಕನೇ ಕಪ್ಪಿಗೆ ಮೀಸೆ ಅಲ್ಲಾಡಿತು. ಏಳನೇ ಕಪ್ಪಿಗೆ ಕುರ್ಚಿಗೆ ಒರಗಿದರು. ಹನ್ನೊಂದಕ್ಕೆ ಬಂದಾಗ ನಗು ತಡೆಯಲಾಗದೆ ಪಕ್ಕದ ಕೋಣೆಯವರನ್ನು ಕರೆದರು.

"ಈ ಕತ್ತೆಗೆ ಕಪ್ ಅಲ್ಲಾಡಿಸಲು ಯಾರೂ ಹೇಳಿಕೊಟ್ಟಿಲ್ಲವಾ?"

"ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ ಸಾಬ್. ನಾನು ಆರು ಕುಡಿದಿದ್ದೆ."

ಆಮೇಲೆ ಮೂಲವನ್ನೂ ಸಂಚಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನಗು ನಿಂತಿತು.

"ಇದರಲ್ಲಿ ಬಲಗೈ. ಅದರಲ್ಲಿ ಎಡಗೈ. ಯಾರು ಮಾಡಿದ್ದು?"

ಸಂಘದ ಹೆಸರು ನಾಲಿಗೆಯ ತುದಿಗೆ ಬಂತು. ನಿಜ ಹೇಳುತ್ತೇನೆ, ಹೇಳಲು ಆಸೆಯೂ ಆಯಿತು. ಆದರೆ ನಿಮಗೆ ಕಾಣಿಸಲಿಲ್ವಾ ಎಂದು ಹಿಂದಿನ ದಿನ ಸಾಹೇಬರು ಕೇಳಿದ ಆ ಪ್ರಶ್ನೆ ಕಿವಿಯಲ್ಲಿತ್ತು.

"ಅಚ್ಚಿಗೆ ಕೊಟ್ಟವರು ಮಗುಚಿಸಿದರು. ನಮ್ಮ ಪ್ರೆಸ್ ಮಗುಚಿತು. ನಾನು ಹೊಲಿದೆ. ಹೊಲಿಯುವಾಗ ತಪ್ಪು ನೋಡಿದೆ, ಸುಮ್ಮನಿದ್ದೆ. ಹುಡುಗ ಆಗ ಸಲಾಲಾದಲ್ಲಿದ್ದ."

"ಬರೆದು ಕೊಡುತ್ತೀಯಾ?"

"ನನಗೆ ಇಂಗ್ಲಿಷ್ ಬರೆಯಲು ಬರುವುದಿಲ್ಲ."

"ಏನು ಬರುತ್ತದೋ ಅದರಲ್ಲಿ ಬರೆ."

ಕನ್ನಡದಲ್ಲಿ ಬರೆದೆ. ಪೂರಾ ನಾಲ್ಕು ಸಾಲು. ಸಹಿ ಹಾಕಿದೆ. ಹಮೂದ್ ಅದನ್ನು ತಿರುಗಿಸಿ ನೋಡಿದರು, ಒಂದಕ್ಷರ ತಿಳಿಯಲಿಲ್ಲ. ಏನೆಂದು ಓದಿ ಹೇಳಿಸಿದರು. ಅದರ ಕೆಳಗೆ ಅರಬಿಯಲ್ಲಿ ತಾವೇ ಎರಡು ಸಾಲು ಬರೆದು, ತೂತು ಹೊಡೆದು ಫೈಲಿಗೆ ಹಾಕಿದರು. "ಖಲಾಸ್" ಎಂದರು. ವಿಕ್ಟರನ ವೀಸಾ ಆ ವಾರವೇ ಆಯಿತು.

(ಪ್ರೆಸ್ಸಿನ ಹೆಸರು ಯಾಕೆ ಹೇಳಿದೆ ಎಂದು ನಮ್ಮ ಮ್ಯಾನೇಜರ್ ನನ್ನನ್ನು ಅರ್ಧ ಗಂಟೆ ನಿಲ್ಲಿಸಿ ಬೈದರು. ಬೈಸಿಕೊಂಡೆ. ಅದು ನನಗೆ ಸಲ್ಲಬೇಕಾದದ್ದೇ.)

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಹಮೂದರ ತಾಯಿ ಆ ಹೊತ್ತಿನಲ್ಲಿ ಸಂಜೆಯ ಅಕ್ಷರ ಕ್ಲಾಸಿಗೆ ಹೋಗುತ್ತಿದ್ದರು. ಹಿಂದೆ ಶಾಲೆಯ ಮುಖ ನೋಡದ ಹಿರಿಯರಿಗೆ ಓದು ಕಲಿಸುವ ಕ್ಲಾಸು. ಅರವತ್ತು ದಾಟಿದ ಹೆಂಗಸು. ಮಗ ತಾಯಿಗೆ ತೋರಿಸಲೆಂದು ಆ ಎಂಟು ಹಾಳೆ ಕೇಳಿ ತೆಗೆದುಕೊಂಡು ಹೋದರು. ತಾಯಿ ಅದನ್ನು ಕ್ಲಾಸಿಗೆ ಒಯ್ದರು. ಅಲ್ಲಿನ ಟೀಚರಮ್ಮ ಈಜಿಪ್ಟಿನವರು. ಚಿತ್ರದ ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ಪುಟಕ್ಕೆ ನಾಲ್ಕೈದು ಅರಬಿ ಮಾತು ಬರೆದರು. ಅಆಇಈ ಪುಸ್ತಕ ನೋಡಿ ಆಕಳಿಸುತ್ತಿದ್ದ ಅಜ್ಜಿಯಂದಿರು ಮುದುಕನ ಮಾತು ಏನೆಂದು ತಿಳಿಯಲು ಅಕ್ಷರ ಕೂಡಿಸತೊಡಗಿದರು.

ಒಂದು ದಿನ ಹಮೂದ್ ನಮ್ಮ ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದರು. "ಎಲ್ಲಿ ಆ ಬೈಂಡರ್? ಇದು ಪುಸ್ತಕವಾಗಬೇಕು."

ಮಡಚಿದೆ. ಬಲಗಡೆಯಿಂದ ತೆರೆಯುವ ಹಾಗೆ. ಆ ಕ್ಲಾಸಿನಿಂದ ಪಕ್ಕದ ಊರಿನ ಕ್ಲಾಸಿಗೆ ಹೋಯಿತು. ಅಲ್ಲಿಂದ ಮಕ್ಕಳ ಕೈಗೆ, ಮಕ್ಕಳಿಂದ ಅಂಗಡಿಗೆ. ಮತ್ತೆ ಅಚ್ಚಾಯಿತು, ಮತ್ತೆ ಹೊಲಿದೆ. ವಿಕ್ಟರ್ ಎರಡನೆಯ ಕಥೆ ಬರೆದ, ಮೂರನೆಯದು ಬರೆದ. ಅದೇ ಮುದುಕ, ಅದೇ ಪೆದ್ದ ಹುಡುಗ. ಈಗ ಸೊಹಾರಿನಿಂದ ಸೂರಿನವರೆಗೆ ಮನೆಮಾತು. ಕಸದ ಬುಟ್ಟಿಗೆ ಪುಸ್ತಕ ಎಸೆಯುತ್ತಿದ್ದ ಜಪಾನಿ ಇಂಜಿನಿಯರ್ ಒಬ್ಬರು ಊರಿಗೆ ಹೋಗುವಾಗ ಎರಡು ಪ್ರತಿ ಕೇಳಿ ಪಡೆದರಂತೆ. ಅವರಿಗೆ ಅರಬಿ ಬರುವುದಿಲ್ಲ. ಓದಲು ಕಷ್ಟವಾಗಲಿಲ್ಲ.

ನನ್ನ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಬರ್ಕಾದ ಮೀನು ಮಾರ್ಕೆಟ್. ಒಬ್ಬ ಮೀನಿನವನು ಬುಟ್ಟಿ ಪಕ್ಕಕ್ಕೆ ಸರಿಸಿ, ಒದ್ದೆ ಬೆರಳನ್ನು ಅಂಗಿಗೆ ಒರೆಸಿ, ಅಕ್ಷರಕ್ಕೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದಾನೆ. ಸುತ್ತ ಐದಾರು ಜನ. ಒಂಬತ್ತನೇ ಕಪ್ ಬಂದಾಗ ಒಬ್ಬ ಮುದುಕನಿಗೆ ತಡೆಯಲಿಲ್ಲ. ಪುಸ್ತಕದೊಳಗಿನ ಹುಡುಗನಿಗೆ ತನ್ನ ಖಾಲಿ ಕೈ ಅಲ್ಲಾಡಿಸಿ ತೋರಿಸುತ್ತಿದ್ದ: ಹೀಗೆ ಮಾಡೋ, ಹೀಗೆ. ನಾನು ಮೀನು ಕೊಳ್ಳುವುದನ್ನು ಮರೆತು ನಿಂತೆ. ಇದಕ್ಕಿಂತ ದೊಡ್ಡ ಬಹುಮಾನ ಯಾವ ಕಲಾವಿದನಿಗೆ ಸಿಕ್ಕಿದೆ, ಹೇಳಿ?

ಸರಿ. ಈಗ ಹೋದ ಶುಕ್ರವಾರಕ್ಕೆ ಬರೋಣ.

ವಿಕ್ಟರನ ಸುದ್ದಿ ಇಲ್ಲಿನ ಪೇಪರಿನಲ್ಲಿ ಫೋಟೋ ಸಮೇತ ಬಂತು. ಅದು ಬಂದ ಎರಡನೇ ವಾರಕ್ಕೆ ಸಂಘದ ಸಭೆ. "ನಮ್ಮ ಹೆಮ್ಮೆಯ ಕನ್ನಡಿಗನಿಗೆ ಸನ್ಮಾನ." ಹಾರ, ಶಾಲು, ಹಣ್ಣಿನ ಬುಟ್ಟಿ. ನನ್ನನ್ನು ಯಾರೂ ಕರೆದಿರಲಿಲ್ಲ, ವಿಕ್ಟರ್ ಎಳೆದುಕೊಂಡು ಹೋದ. ಹಿಂದಿನ ಸಾಲಿನಲ್ಲಿ ಕೂತೆ.

ಮೂರ್ತಿ ಸಾಹೇಬರು ಈಗ ಸಂಘದ ಅಧ್ಯಕ್ಷರು. ಮೈಕ್ ಹಿಡಿದರು.

"ಈ ಪ್ರತಿಭೆಯನ್ನು ಮೊಟ್ಟಮೊದಲು ಗುರುತಿಸಿದ್ದು ನಮ್ಮ ಸಂಘ. ನಮ್ಮ ಸಂಚಿಕೆಯಲ್ಲೇ ಇವರ ಕಲೆ ಮೊದಲು ಬೆಳಕು ಕಂಡಿದ್ದು. ಅಂದು ನಾವು ನೆಟ್ಟ ಬೀಜ ಇಂದು..."

ಬೀಜ ಏನಾಯಿತು ಅಂತ ನನಗೆ ಗೊತ್ತಿಲ್ಲ. ನಾನು ಎದ್ದು ಹೊರಗೆ ಹೋದೆ. ಕುರ್ಚಿ ಸದ್ದಾಯಿತು ಎಂದು ಆಮೇಲೆ ದೂರು ಬಂತು. ಸದ್ದಾಗಲಿ ಎಂದೇ ಎದ್ದದ್ದು.

ಚಪ್ಪಾಳೆ ಹೊರಗಿನವರೆಗೂ ಕೇಳಿಸಿತು. ಎಡಗೈ ನೋಡಿ ಪಿಸುಗುಟ್ಟಿದವರೇ ತಟ್ಟಿದ ಚಪ್ಪಾಳೆ. ಅವರಲ್ಲಿ ಒಬ್ಬರಾದರೂ ಆ ಅರಬಿ ಪುಸ್ತಕ ತೆರೆದು ನೋಡಿದ್ದಾರಾ? ಪೇಪರಿನಲ್ಲಿ ಫೋಟೋ ನೋಡಿದ್ದಾರೆ. ಅಷ್ಟು ಸಾಕು. ನಮ್ಮವನು ಒಳ್ಳೆಯವನೆಂದು ತಿಳಿಯಲು ನಮಗೆ ಬೇರೆಯವರು ಹೇಳಬೇಕು. ಕೆಟ್ಟವನೆಂದು ತಿಳಿಯಲು ಮಾತ್ರ ಯಾರೂ ಹೇಳಬೇಕಾಗಿಲ್ಲ.

ಕಾರ್ಯಕ್ರಮ ಮುಗಿಸಿ ವಿಕ್ಟರ್ ಬಂದ. ಶಾಲು ಪ್ಲಾಸ್ಟಿಕ್ ಚೀಲದಲ್ಲಿ, ಕಂಕುಳಲ್ಲಿ ಗಾಜು ಹಾಕಿದ ಸನ್ಮಾನ ಪತ್ರ.

"ಎಂತ ಶೀನಣ್ಣ, ಎದ್ದು ಬಂದದ್ದು?"

"ನೀನು ಯಾಕೆ ಸುಮ್ಮನೆ ಕೂತದ್ದು? ಮೈಕ್ ಕೈಗೆ ಕೊಟ್ಟರಲ್ಲ, ಹೇಳಬಾರದಿತ್ತಾ?"

"ಹೇಳಿ ಎಂತ ಮಾಡುದು? ನನ್ನ ವೀಸಾ ಆಯ್ತು, ತಂಗಿದು ನರ್ಸಿಂಗ್ ಮುಗೀತು. ಅವರಿಗೆ ಒಂದು ದಿನ ಖುಷಿ. ಬಿಡಿ ಮಾರಾಯ್ರೆ."

ಒಳ್ಳೆಯವನು. ಇಂಥ ಒಳ್ಳೆಯವರ ಹೆಗಲ ಮೇಲೆಯೇ ಶಾಲು ಹೊದಿಸಲು ಸುಲಭ.

"ಇಲ್ಲಿ ಕೊಡು" ಎಂದು ಆ ಪತ್ರ ಇಸಿದುಕೊಂಡೆ. ಹಾಲಿನ ಹೊರಗಿನ ಬೆಳಕಿಗೆ ಹಿಡಿದು ಪೂರ್ತಿ ಓದಿದೆ. ಹದಿನಾರು ಸಾಲು. ಕಲಾತಪಸ್ವಿ, ಕುಂಚಮಾಂತ್ರಿಕ, ಕಡಲಾಚೆಯ ಕನ್ನಡದ ಕಣ್ಮಣಿ. (ಅವನು ಕುಂಚ ಮುಟ್ಟಿದವನೇ ಅಲ್ಲ, ಬರೆಯುವುದು ಪೆನ್ನಿನಲ್ಲಿ.) ಕೆಳಗೆ ದುಂಡಗಿನ ಸೀಲು. ಸೀಲಿನ ಪಕ್ಕದಲ್ಲಿ ಮೂರು ಸಹಿ. ಮೊದಲನೆಯದು ಮೂರ್ತಿ ಸಾಹೇಬರದ್ದು. ಚೆಂದದ ಸಹಿ, ಉದ್ದ ಬಾಲ ಎಳೆದಿದ್ದಾರೆ, ಕೈ ಒಂದಿಷ್ಟೂ ನಡುಗಿಲ್ಲ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ಸ್ವಾಮಿ. ಹೊಗಳಿಕೆಯ ಕೆಳಗೆ ಸಹಿ ಹಾಕಬೇಕು, ತಪ್ಪಿನ ಕೆಳಗೆ ಹಾಕಬಾರದು ಎನ್ನುವ ಪಾಠ ಎಷ್ಟನೇ ಕ್ಲಾಸಿನಲ್ಲಿ ಬರುತ್ತದೆ?